ಗಡಿಯಾರಕ್ಕೂ ಚಳಿ

ಪರದೇಶದಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ತವರಿನಿಂದ ಯಾರಾದರೂ ಬರುತ್ತಾರೆಂದರೆ ಅದೇ ಒಂದು ಹಬ್ಬ. ಬರುವವರ ಟಿಕೆಟ್ ಆದ ದಿನದಿಂದಲೇ ಪಟ್ಟಿಗಳು ಶುರುವಾಗುತ್ತವೆ. ಅವರು ತರಬೇಕಾದ್ದರ ಪಟ್ಟಿ ಒಂದು: ಸಾರಿನ ಪುಡಿ, ಹುಣಸೇಹಣ್ಣು, ಹಪ್ಪಳ, ಕುಂಕುಮ. ನಾವು ತೋರಿಸಬೇಕಾದ್ದರ ಪಟ್ಟಿ ಇನ್ನೊಂದು. ಬಂದವರು ಹೊರಟು ನಿಂತಾಗ ಲೆಕ್ಕ ಹಾಕಿದರೆ ಮೊದಲ ಪಟ್ಟಿಯ ಪ್ರತಿಯೊಂದೂ ಬಂದಿರುತ್ತದೆ, ಎರಡನೆಯದರಲ್ಲಿ ಅರ್ಧ ಹಾಗೇ ಉಳಿದಿರುತ್ತದೆ. ಅದಕ್ಕೆ ಬೇಜಾರು ಪಡಬೇಕಾಗಿಲ್ಲ ಎಂದು ನನಗೆ ತಿಳಿದದ್ದು ನಮ್ಮ ಅಕ್ಕ ಲಂಡನ್ನಿಗೆ ಬಂದ ಚಳಿಗಾಲದಲ್ಲಿ.

ಊರು ನೋಡಲು ಚಳಿಗಾಲ ಕಾಲವೇ ಅಲ್ಲ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಹೆಂಗಸರ ರಜೆ ಯಾವತ್ತು ತಾನೇ ಕಾಲ ನೋಡಿಕೊಂಡು ಬಂದೀತು? ನಾನು ಇಲ್ಲಿನ ಶಾಲೆಯೊಂದರ ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ಬೇಸಿಗೆಯ ಆರು ವಾರದ ರಜೆ ಊರಿನಲ್ಲಿರುವ ಅತ್ತೆಯವರಿಗೆ ಮೀಸಲು. ಉಳಿಯುವುದು ಕ್ರಿಸ್‌ಮಸ್ಸಿನ ಎರಡು ವಾರ. 'ಅಕ್ಕ, ಚಳಿ ಇರತ್ತೆ, ಆದರೂ ಬಾ' ಎಂದು ನಾಲ್ಕು ವರ್ಷ ಕರೆದ ಮೇಲೆ 2018ರ ಡಿಸೆಂಬರಿನಲ್ಲಿ ಅವಳು ಒಪ್ಪಿದಳು. ಅದಕ್ಕೂ ಒಂದು ಕರಾರು. ಆ ವರ್ಷ ವೈಕುಂಠ ಏಕಾದಶಿ ಡಿಸೆಂಬರ್ 18ಕ್ಕೆ ಬಿದ್ದಿತ್ತು. ರಂಗನಾಥನ ದರ್ಶನ ಮುಗಿಸಿಯೇ ವಿಮಾನ ಹತ್ತುವುದು, ಸಂಕ್ರಾಂತಿಗೆ ಮನೆಯಲ್ಲಿರುವುದು. ಅಷ್ಟರಲ್ಲಿ ಏನು ತೋರಿಸುತ್ತೀಯೋ ತೋರಿಸು ಎಂದಳು.

ನಮ್ಮ ಅಕ್ಕನ ವಿಷಯ ಸ್ವಲ್ಪ ಹೇಳಬೇಕು. ಶ್ರೀರಂಗಪಟ್ಟಣ ನಮ್ಮೂರು. ಅಪ್ಪ ತೀರಿಕೊಂಡಾಗ ಅಕ್ಕನಿಗೆ ಇಪ್ಪತ್ತನಾಲ್ಕು, ಅಣ್ಣನಿಗೆ ಹದಿನೇಳು, ನನಗೆ ಹನ್ನೆರಡು. ಅದೇ ವರ್ಷ ಅವಳಿಗೆ ಪ್ರೈಮರಿ ಶಾಲೆಯಲ್ಲಿ ಕೆಲಸವಾಯಿತು. ಅಲ್ಲಿಂದ ಮೂವತ್ತಾರು ವರ್ಷ ಸೀಮೆಸುಣ್ಣ ಹಿಡಿದಳು. ಅಣ್ಣನನ್ನು ಇಂಜಿನಿಯರ್ ಮಾಡಿದಳು, ನನ್ನನ್ನು ಬಿ.ಎಸ್ಸಿ. ಓದಿಸಿ ಮದುವೆ ಮಾಡಿದಳು, ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ 'ಆಗಲಿ, ನೋಡೋಣ' ಎನ್ನುತ್ತಲೇ ಇದ್ದಳು. ನೋಡುವುದರಲ್ಲೇ ಕಾಲ ಕಳೆಯಿತು. ಅಪ್ಪ ಕಟ್ಟಿಸಿದ ಮನೆಯಲ್ಲಿ ಈಗ ಅವಳೊಬ್ಬಳೇ.

ಅವಳು ಬರುವ ಹದಿನೈದು ದಿನ ಮುಂಚೆ ಬೆಂಗಳೂರಿನಿಂದ ಅಣ್ಣ ಫೋನ್ ಮಾಡಿದ. ಆ ಮಳೆಗಾಲದಲ್ಲಿ ಅಕ್ಕ ಹಿತ್ತಲಿನ ಬಚ್ಚಲಮನೆಯ ಹತ್ತಿರ ಜಾರಿ ಬಿದ್ದು, ಹಾಲಿನವಳು ಬಂದು ನೋಡುವವರೆಗೆ ಒಂದು ಗಂಟೆ ನೆಲದ ಮೇಲೇ ಇದ್ದಳು. ಮೂಳೆ ಮುರಿಯಲಿಲ್ಲ, ಅದು ನಮ್ಮ ಪುಣ್ಯ. 'ಇನ್ನೊಂದು ಸಲ ಹೀಗಾದರೆ? ಆ ಮನೆ ಮಾರಿ ಅವಳನ್ನ ನಮ್ಮ ಅಪಾರ್ಟ್‌ಮೆಂಟಿಗೆ ಕರ್ಕೊಂಡು ಬರ್ತೀನಿ. ಲಿಫ್ಟಿದೆ, ಸೆಕ್ಯೂರಿಟಿ ಇದೆ. ನಾನು ಹೇಳಿದ್ರೆ ಕೇಳಲ್ಲ. ನೀನು ಸಮಯ ನೋಡಿ ಹೇಳು, ನಿನ್ನ ಮಾತು ಅವಳಿಗೆ ಹಿಡಿಸತ್ತೆ' ಎಂದ. ಅವನ ದನಿಯಲ್ಲಿ ಆಸ್ತಿಯ ಆಸೆ ಎಳ್ಳಷ್ಟೂ ಇರಲಿಲ್ಲ, ಇದ್ದದ್ದು ಹೆದರಿಕೆ. ನನಗೂ ಅದೇ ಹೆದರಿಕೆ. ಆದರೆ ನಮಗಾಗಿ ಒಂದು ಜನ್ಮ ಸವೆಸಿದವಳಿಗೆ, ಪ್ರವಾಸಕ್ಕೆ ಕರೆಸಿಕೊಂಡು, 'ಮನೆ ಬಿಡು' ಎಂದು ಹೇಳುವ ಸಮಯ ಯಾವುದು? ಲಂಡನ್ ನೋಡುವ ಪಟ್ಟಿಯ ಕೊನೆಯಲ್ಲಿ, ಬರೆಯದೆ, ಅದೂ ಒಂದು ಸೇರಿಕೊಂಡಿತು.

ಬಂದಿಳಿದ ಅಕ್ಕನನ್ನು ಮೊದಲು ಕರೆದೊಯ್ದದ್ದು ಚಪ್ಪಲಿ ಅಂಗಡಿಗೆ. ಅರವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಬೂಟು ಹಾಕಿದಳು. ಸೀರೆ ಬಿಡುವ ಮಾತೇ ಇಲ್ಲ. ಒಳಗೆ ಉಣ್ಣೆಯ ಉದ್ದನೆ ಪೈಜಾಮ, ಅದರ ಮೇಲೆ ಲಂಗ, ಅದರ ಮೇಲೆ ಸೀರೆ, ಕುಪ್ಪಸದ ಮೇಲೆ ಸ್ವೆಟರ್, ಅದರ ಮೇಲೆ ನನ್ನ ಕೋಟು, ತಲೆಗೆ ನನ್ನ ಮಗನ ಟೊಪ್ಪಿಗೆ. ಕನ್ನಡಿ ನೋಡಿಕೊಂಡು, 'ಈರುಳ್ಳಿ ಆದೆ ಕಣೆ' ಎಂದು ನಕ್ಕಳು. ನಮ್ಮ ಕಡೆಯಿಂದ ಚಳಿಗಾಲದಲ್ಲಿ ಬರುವ ಹಿರಿಯರಿಗೆ ನಾನು ಹೇಳುವುದು ಇಷ್ಟೇ: ಒಂದು ದಪ್ಪ ಕೋಟಿಗಿಂತ ನಾಲ್ಕು ತೆಳು ಬಟ್ಟೆ ಮೇಲು, ಮೈಗಿಂತ ಕಾಲಿನದೇ ಹೆಚ್ಚು ಜೋಪಾನ.

ಮಾರನೆಯ ದಿನ ಡಿಸೆಂಬರ್ 21, ವರ್ಷದಲ್ಲೇ ಗಿಡ್ಡ ಹಗಲು. ಲಂಡನ್ನಿನಲ್ಲಿ ಆ ದಿನ ಸೂರ್ಯ ಹುಟ್ಟುವುದು ಎಂಟು ಗಂಟೆ ದಾಟಿದ ಮೇಲೆ, ಮುಳುಗುವುದು ನಾಲ್ಕು ಹೊಡೆಯುವ ಮುಂಚೆ. ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಮೊದಲೇ ಪೂಜೆಯಾಗಿ ಹುಗ್ಗಿ ನೈವೇದ್ಯವಾಗಬೇಕಲ್ಲ? ಊರಿನಲ್ಲಾದರೆ ಅಕ್ಕ ನಾಲ್ಕೂವರೆಗೆ ಎದ್ದು ತಣ್ಣೀರು ತುಳಿಯುವವಳು. ಇಲ್ಲಿ ಅಭ್ಯಾಸಬಲದಿಂದ ಐದಕ್ಕೆ ಎದ್ದು, ಹುಗ್ಗಿ ಇಟ್ಟು, ಪೂಜೆ ಮುಗಿಸಿ, ಕಾಫಿ ಕುಡಿದು, ಪೇಪರ್ ಓದಿ, ಕಿಟಕಿಯಲ್ಲಿ ನೋಡಿದರೆ ಇನ್ನೂ ಕತ್ತಲೆ! 'ನಿಮ್ಮೂರಲ್ಲಿ ಎಷ್ಟು ಸೋಮಾರಿಯಾದರೂ ಧನುರ್ಮಾಸದ ಪುಣ್ಯ ತಪ್ಪಲ್ಲ ಬಿಡು' ಎಂದಳು. ಸಂಜೆ ನಾಲ್ಕಕ್ಕೇ ದೀಪ ಹಚ್ಚುವಾಗ ಮಾತ್ರ ಸ್ವಲ್ಪ ಸುಮ್ಮನಾದಳು. ಊರಿನ ಮನೆಯಲ್ಲಿ ದೀಪ ಹಚ್ಚಲು ಎದುರು ಮನೆಯ ಹುಡುಗಿಗೆ ಬೀಗದ ಕೈ ಕೊಟ್ಟು ಬಂದಿದ್ದಳು.

ಶನಿವಾರ ಹೊರಟೆವು, ಬಿಗ್ ಬೆನ್ ನೋಡಲು. ಪಾಠದ ಪುಸ್ತಕದ ಚಿತ್ರ ತೋರಿಸಿ ಎಷ್ಟು ಮಕ್ಕಳಿಗೆ ಅವಳು ಅದರ ಹೆಸರು ಹೇಳಿಕೊಟ್ಟಿದ್ದಳೋ! ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್ನಿನಿಂದ ಮೇಲೆ ಬಂದು ತಲೆಯೆತ್ತಿದರೆ, ಗೋಪುರಕ್ಕೆ ಅಡಿಯಿಂದ ಮುಡಿಯವರೆಗೆ ಕಂಬಿ, ಹಲಗೆ, ಪರದೆ. 2017ರಲ್ಲಿ ಶುರುವಾದ ರಿಪೇರಿ ಮುಗಿದು ಪರದೆ ಪೂರ್ತಿ ತೆಗೆದದ್ದು 2022ರಲ್ಲಿ. ನಾವು ಹೋದದ್ದು ಸರಿಯಾಗಿ ನಡುವಿನಲ್ಲಿ. ಕೆಲಸಗಾರರ ಕಿವಿಗೆ ಪೆಟ್ಟಾಗದಿರಲೆಂದು ಹದಿಮೂರೂವರೆ ಟನ್ನಿಗೂ ಹೆಚ್ಚು ತೂಕದ ಆ ಗಂಟೆಯ ಬಾಯನ್ನೂ ಕಟ್ಟಿದ್ದರು. ಐದು ಸಾವಿರ ಮೈಲಿಯ ಆಸುಪಾಸು ಹಾರಿ ಬಂದವಳಿಗೆ ಕಂಡದ್ದು ಪರದೆಯ ಸಂದಿಯಿಂದ ಇಣುಕುವ ಗಡಿಯಾರದ ಒಂದು ಮುಖ. ನನಗೆ ಅಳು ಬರುವ ಹಾಗಾಯಿತು. ಅಕ್ಕ ಸ್ವಲ್ಪ ಹೊತ್ತು ನೋಡಿ, 'ಪಾಪ, ಅದಕ್ಕೂ ಚಳಿ ಕಣೆ. ನನ್ನ ಹಾಗೇ ಹೊದ್ಕೊಂಡು ನಿಂತಿದೆ' ಎಂದಳು. ನಮ್ಮನ್ನು ದಾಟಿ ಹೋಗುತ್ತಿದ್ದವರು ತಿರುಗಿ ನೋಡುವಷ್ಟು ನಾವಿಬ್ಬರೂ ನಕ್ಕೆವು. ಹೊಸ ವರ್ಷದ ನಡುರಾತ್ರಿ ಮಾತ್ರ ಆ ಗಂಟೆ ಬಾಯಿ ಬಿಟ್ಟಿತು. ಟಿವಿಯಲ್ಲಿ ಕೇಳಿ, 'ಗಂಟಲು ಚೆನ್ನಾಗಿದೆ' ಎಂದು ಸರ್ಟಿಫಿಕೇಟ್ ಕೊಟ್ಟಳು.

ಥೇಮ್ಸ್ ನದಿಯ ದಂಡೆ ಹಿಡಿದು ಎಂಬ್ಯಾಂಕ್‌ಮೆಂಟ್ ಸ್ಟೇಷನ್ನಿಗೆ ನಡೆದೆವು. ಅಲ್ಲಿ ಅವಳಿಗೆ ಒಂದು ದನಿ ಕೇಳಿಸಬೇಕಿತ್ತು. ಇಲ್ಲಿನ ನೆಲದಡಿಯ ರೈಲುಗಳಲ್ಲಿ ಪ್ಲಾಟ್‌ಫಾರ್ಮಿಗೂ ಡಬ್ಬಿಗೂ ನಡುವೆ ಸಂದಿಯಿದೆ, ಹುಷಾರು ಎನ್ನಲು 'ಮೈಂಡ್ ದ ಗ್ಯಾಪ್' ಎಂದು ಕೂಗುತ್ತಾರೆ. ಹಿಂದೆ ಓಸ್ವಾಲ್ಡ್ ಲಾರೆನ್ಸ್ ಎಂಬ ನಟನ ದನಿಯನ್ನು ಅದಕ್ಕಾಗಿ ಮುದ್ರಿಸಿಕೊಂಡಿದ್ದರು. ಅವರು 2007ರಲ್ಲಿ ತೀರಿಕೊಂಡರು. ಅವರ ಹೆಂಡತಿ ಮಾರ್ಗರೆಟ್ ಮೆಕಾಲಮ್, ವೈದ್ಯೆ, ಗಂಡನ ದನಿ ಕೇಳಬೇಕೆನಿಸಿದಾಗ ಆ ಪ್ಲಾಟ್‌ಫಾರ್ಮಿಗೆ ಬಂದು ಕೂರುತ್ತಿದ್ದರಂತೆ. 2012ರಲ್ಲಿ ಹೊಸ ಯಂತ್ರ ಬಂದು ಆ ದನಿ ಹೋಯಿತು. ಆಕೆ ಕೇಳಿಕೊಂಡರು. ರೈಲಿನವರು ಹಳೆಯ ಮುದ್ರಣ ಹುಡುಕಿಸಿ ಆಕೆಗೊಂದು ಪ್ರತಿ ಕೊಟ್ಟರು, 2013ರಲ್ಲಿ ಆ ಒಂದು ಸ್ಟೇಷನ್ನಿನ, ಉತ್ತರಕ್ಕೆ ಹೋಗುವ ನಾರ್ದರ್ನ್ ಲೈನಿನ ಪ್ಲಾಟ್‌ಫಾರ್ಮಿಗೆ ಅದನ್ನು ಮರಳಿ ಹಾಕಿದರು.

ನಾವು ಮೂರು ರೈಲು ಬಿಟ್ಟೆವು, ಆ ದನಿ ಮೂರು ಸಲ ಕೇಳಲೆಂದು. ಅಕ್ಕ ಏನೂ ಹೇಳಲಿಲ್ಲ. ನಾಲ್ಕನೆಯ ರೈಲು ಹತ್ತುವಾಗ ನನ್ನ ಕೈ ಹಿಡಿದುಕೊಂಡು, 'ಅಮ್ಮನ ದನಿ ನಮ್ಮ ಹತ್ರ ಎಲ್ಲೂ ಇಲ್ಲ ಅಲ್ವೇನೆ?' ಎಂದಳು. ಇಲ್ಲ. ಅಮ್ಮನ ಫೋಟೋಗಳಿವೆ, ಸೀರೆಗಳಿವೆ, ದನಿ ಇಲ್ಲ. 'ಬಚ್ಚಲ ಒಲೆ ಮುಂದೆ ಕೂತು ಹಾಡ್ಕೋತಿದ್ಲು. ನಂಗೆ ಅದು ಆ ಬಚ್ಚಲಲ್ಲೇ ನೆನಪಾಗತ್ತೆ, ಬೇರೆ ಎಲ್ಲೂ ಆಗಲ್ಲ' ಎಂದಳು. ಅವಳು ಬಿದ್ದದ್ದೂ ಅದೇ ಬಚ್ಚಲಿನ ಬಾಗಿಲಲ್ಲಿ. ಅಣ್ಣನ ಮಾತು ನನ್ನ ಗಂಟಲಿಗೆ ಬಂದು ಹಾಗೇ ಕೆಳಗಿಳಿಯಿತು.

ಒಂದೇ ಸ್ಟೇಷನ್ ಆಚೆಗೆ ಟ್ರಫಾಲ್ಗರ್ ಚೌಕ. ಅಲ್ಲಿ ಪ್ರತಿ ಡಿಸೆಂಬರಿನಲ್ಲಿ ಇಪ್ಪತ್ತು ಮೀಟರಿಗೂ ಎತ್ತರದ ಒಂದು ಮರ ನಿಲ್ಲಿಸುತ್ತಾರೆ. ಅದು ಲಂಡನ್ನಿನದಲ್ಲ, ನಾರ್ವೆ ದೇಶದ ಕಾಡಿನಿಂದ ಸಮುದ್ರ ದಾಟಿ ಬರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ತಮಗಾದ ಉಪಕಾರಕ್ಕೆ ಕೃತಜ್ಞತೆಯಾಗಿ ಆಸ್ಲೋ ನಗರದವರು 1947ರಿಂದ ಪ್ರತಿ ವರ್ಷ ಕಳಿಸುತ್ತಾರೆ. ಬೇರೆ ಮರಗಳ ಹಾಗೆ ಮೈತುಂಬ ಝಗಮಗವಿಲ್ಲ. ಮೇಲಿಂದ ಕೆಳಕ್ಕೆ ನೇರ ಇಳಿಬಿಟ್ಟ ಬಿಳಿ ದೀಪದ ಸರಗಳು, ಅಷ್ಟೇ. ಬುಡದಲ್ಲಿ ನಿಂತು ಮಕ್ಕಳು ಹಾಡುತ್ತಿದ್ದರು. 'ಎಪ್ಪತ್ತೊಂದು ವರ್ಷ ಆಯ್ತು. ಉಪಕಾರ ಮಾಡಿದೋರು, ಮಾಡಿಸ್ಕೊಂಡೋರು ಯಾರೂ ಉಳಿದಿರಲ್ಲ. ಆದರೂ ಕಳಿಸ್ತಾರೆ!' ಎಂದು ಅಕ್ಕ ಆಶ್ಚರ್ಯಪಟ್ಟಳು. ನಾನು ಅವಳ ಬೂಟು, ಟೊಪ್ಪಿಗೆ, ಚಳಿಗೆ ಕೆಂಪಾದ ಮೂಗು ನೋಡುತ್ತ ನಿಂತೆ. ಉಪಕಾರ ಮಾಡಿದವಳು ಎದುರಿಗೇ ಇದ್ದಾಳೆ, ಅವಳಿಗೆ ನಾವು ಕಳಿಸಬೇಕಾದ ಮರ ಯಾವುದು?

ಕ್ರಿಸ್‌ಮಸ್ ದಿನ ಲಂಡನ್ನಿನಲ್ಲಿ ಬಸ್ಸಿಲ್ಲ, ರೈಲಿಲ್ಲ. ಇಷ್ಟು ದೊಡ್ಡ ಊರು ಒಂದು ದಿನ ಪೂರ್ತಿ ಮನೆಯೊಳಗೇ ಇರುತ್ತದೆ. ಹ್ಯಾರೋದ ನಮ್ಮ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ವೆಂಬ್ಲಿಯ ಗುಜರಾತಿ ಅಂಗಡಿಯಿಂದ ತಂದ, ಐಸಿನಲ್ಲಿಟ್ಟ ಅವರೆಕಾಳು ಮನೆಯಲ್ಲಿತ್ತು. ಅದಕ್ಕೆ ಸೊಗಡಿಲ್ಲ ಎಂದು ಗೊಣಗುತ್ತಲೇ ಅಕ್ಕ ಉಪ್ಪಿಟ್ಟು ಮಾಡಿದಳು. ಆಗಲೇ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಬಾಗಿಲು ತಟ್ಟಿದರು. ಎಂಬತ್ತಾರು ವಯಸ್ಸು, ಒಬ್ಬರೇ ಇರುವುದು. ಕೈಯಲ್ಲಿ ಮಿನ್ಸ್ ಪೈ. ಹೆಸರು ಕೇಳಿ ಗಾಬರಿಯಾಗಬೇಡಿ. ಈ ಕಾಲದಲ್ಲಿ ಅದರೊಳಗಿರುವುದು ಒಣದ್ರಾಕ್ಷಿ, ಸೇಬು, ಮಸಾಲೆ. ಆದರೆ ಹಳೆಯ ಪದ್ಧತಿಯಲ್ಲಿ ಹಸುವಿನ ಕೊಬ್ಬು ಹಾಕುತ್ತಿದ್ದರು, ಈಗಲೂ ಕೆಲವರು ಹಾಕುತ್ತಾರೆ. ಅದನ್ನು ತಿಳಿದೇ ಅಜ್ಜಿ ಸಸ್ಯಾಹಾರದ ಗುರುತಿರುವ ಪೊಟ್ಟಣ ಹುಡುಕಿ ತಂದು, ಆ ಗುರುತನ್ನು ನಮಗೆ ತೋರಿಸಿಯೇ ತಟ್ಟೆಗೆ ಹಾಕಿದರು. ಅಕ್ಕನ ಪಾಠದ ಪುಸ್ತಕದ ಇಂಗ್ಲಿಷು, ಅಜ್ಜಿಯ ನಿಧಾನದ ಇಂಗ್ಲಿಷು ಚೆನ್ನಾಗಿ ಹೊಂದಿಕೊಂಡವು. ಅವರೆಕಾಳಿನ ಉಪ್ಪಿಟ್ಟನ್ನು ಅಜ್ಜಿ ಎರಡು ಸಲ ಹಾಕಿಸಿಕೊಂಡರು.

ಅಜ್ಜಿಯ ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಕೆಂಪು ಗುಂಡಿ ಇತ್ತು. ಅಕ್ಕನ ಕಣ್ಣು ಅದರ ಮೇಲೇ. ಬಿದ್ದರೆ, ಎದೆ ನೋವು ಬಂದರೆ, ಅದನ್ನು ಒತ್ತಿದರಾಯಿತು. ಮನೆಯ ಫೋನಿನ ಮೂಲಕ ಒಂದು ಕೇಂದ್ರಕ್ಕೆ ಕರೆ ಹೋಗಿ, ಅವರು ಮಾತಾಡಿಸಿ, ಬೀಗದ ಕೈ ಇರುವ ನೆರೆಯವರಿಗೋ ಆಂಬುಲೆನ್ಸಿಗೋ ಹೇಳುತ್ತಾರೆ. ಬೀಗದ ಕೈ ಇರುವ ನೆರೆಯವರು ನಾವೇ. ಮಗಳು ಸ್ಕಾಟ್ಲೆಂಡಿನಲ್ಲಿದ್ದಾಳೆ, ಬಾ ಎನ್ನುತ್ತಾಳೆ, ನನಗೆ ನನ್ನ ಅಡಿಗೆಮನೆಯ ಕಿಟಕಿ ಬೇಕು ಎಂದರು ಅಜ್ಜಿ. ಅವರು ಹೋದ ಮೇಲೆ ಪಾತ್ರೆ ತೊಳೆಯುತ್ತ ಅಕ್ಕ, 'ಒಬ್ಬಳೇ ಇರೋದು ಬೇರೆ, ಕೇಳೋರಿಲ್ಲದೆ ಇರೋದು ಬೇರೆ' ಎಂದಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ ತಿಳಿಯಲಿಲ್ಲ.

ಶುಕ್ರವಾರ ಗ್ರೀನಿಚ್. ಅಲ್ಲಿಗೆ ಹೋಗುವ ಪುಟ್ಟ ರೈಲಿಗೆ ಡ್ರೈವರ್ ಇಲ್ಲ, ತಾನೇ ಓಡುತ್ತದೆ. ಅಕ್ಕ ಮಕ್ಕಳ ಜೊತೆ ಸ್ಪರ್ಧಿಸಿ ಮುಂದಿನ ಸೀಟು ಹಿಡಿದು, ಗಾಜಿನಾಚೆ ಹಳಿ ನೋಡುತ್ತ ತಾನೇ ನಡೆಸುವವಳಂತೆ ಕೂತಳು. ಗುಡ್ಡದ ಮೇಲೆ 1675ರಲ್ಲಿ ಸ್ಥಾಪಿಸಿದ ವೀಕ್ಷಣಾಲಯ. ಅದರ ಅಂಗಳದಲ್ಲಿ ನೆಲಕ್ಕೆ ಬಡಿದ ಲೋಹದ ಪಟ್ಟಿಯೇ ಸೊನ್ನೆ ಡಿಗ್ರಿ ರೇಖಾಂಶ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಹಲವು ದೇಶದವರು ಸೇರಿ, ಜಗತ್ತಿನ ರೇಖಾಂಶಗಳನ್ನು ಇಲ್ಲಿಂದಲೇ ಎಣಿಸುವುದೆಂದು ಗೊತ್ತುಮಾಡಿಕೊಂಡರು. ಮೂವತ್ತಾರು ವರ್ಷ ಗೋಲದ ಮೇಲೆ ಬೆರಳಿಟ್ಟು ತೋರಿಸಿದ ಗೆರೆ. ಎಲ್ಲರೂ ಒಂದು ಕಾಲು ಪೂರ್ವಾರ್ಧದಲ್ಲಿ, ಇನ್ನೊಂದು ಪಶ್ಚಿಮಾರ್ಧದಲ್ಲಿ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸೀರೆ ಉಟ್ಟವಳಿಗೆ ಎರಡು ಗೋಲಾರ್ಧಕ್ಕೆ ಕಾಲು ಚಾಚುವುದು ಸುಲಭವಲ್ಲ. ಅಕ್ಕ ಗೆರೆಯ ಮೇಲೆ ಎರಡೂ ಪಾದ ಜೋಡಿಸಿ ಪ್ರಾರ್ಥನೆಗೆ ನಿಂತ ಹುಡುಗಿಯ ಹಾಗೆ ನಿಂತಳು.

ನಂತರ ನನ್ನ ಮಗನಿಗೆ ಪಾಠ. 'ಒಂದು ಡಿಗ್ರಿಗೆ ನಾಲ್ಕು ನಿಮಿಷ ಕಣೋ. ಭಾರತದ ಗಡಿಯಾರ ಎಂಬತ್ತೆರಡೂವರೆ ಡಿಗ್ರಿಯದು, ಉತ್ತರ ಪ್ರದೇಶದ ಮಿರ್ಜಾಪುರದ ಕಡೆ. ಅದಕ್ಕೇ ಐದೂವರೆ ಗಂಟೆ ಮುಂದೆ. ಆದ್ರೆ ನಮ್ಮೂರು ಎಪ್ಪತ್ತಾರೂ ಮುಕ್ಕಾಲು ಡಿಗ್ರಿ ಹತ್ರ. ನಮ್ಮ ಸೂರ್ಯನ ಲೆಕ್ಕಕ್ಕೆ ಐದು ಗಂಟೆ ಏಳು ನಿಮಿಷವೇ. ಉಳಿದ ಇಪ್ಪತ್ತಮೂರು ನಿಮಿಷ ಮಿರ್ಜಾಪುರದವರಿಂದ ತಂದ ಸಾಲ!' ಪಕ್ಕದಲ್ಲಿದ್ದ ಯಾವುದೋ ದೇಶದ ಹುಡುಗರೂ ಭಾಷೆ ತಿಳಿಯದೆ ಅವಳ ಕೈಯನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಗೋಪುರದ ತುದಿಯಲ್ಲಿ ಕೆಂಪು ಚೆಂಡು ಮೇಲೇರಿತು. ನದಿಯ ಹಡಗುಗಳವರು ನೋಡಿ ಗಡಿಯಾರ ಸರಿಮಾಡಿಕೊಳ್ಳಲೆಂದು 1833ರಲ್ಲಿ ಇಟ್ಟದ್ದು. ಇಂದಿಗೂ ಸರಿಯಾಗಿ ಒಂದು ಗಂಟೆಗೆ ಬೀಳುತ್ತದೆ. ಚೆಂಡು ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ತಟ್ಟಲಿಲ್ಲ. 'ಅಲ್ಲಿ ಆರೂವರೆ. ಈಗ ಆ ಹುಡುಗಿ ದೀಪ ಹಚ್ತಿರ್ತಾಳೆ' ಎಂದಳು, ಪೂರ್ವದ ಕಡೆ ನೋಡಿಕೊಂಡು.

ಜನವರಿ ಮೊದಲ ವಾರ, ಕೊನೆಯದಾಗಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಪ್ರವೇಶಕ್ಕೆ ಕಾಸಿಲ್ಲ. ಅಕ್ಕ ಬೇರೆ ಯಾವುದನ್ನೂ ಕೇಳಲಿಲ್ಲ, 'ನಮ್ಮ ಹುಲಿ ಎಲ್ಲಿ?' ಎಂದಳು. ಟಿಪ್ಪು ಸುಲ್ತಾನನ ಹುಲಿ! ಮರದ್ದು, ಆರಡಿಗೆ ಸ್ವಲ್ಪ ಕಡಿಮೆ ಉದ್ದ, ಅಡಿಯಲ್ಲಿ ಬಿದ್ದ ಐರೋಪ್ಯನೊಬ್ಬನ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಬಿದ್ದವನ ಕೈ ಏಳುತ್ತ ಬೀಳುತ್ತ ನರಳುತ್ತಾನೆ. ಹೊಟ್ಟೆಯೊಳಗೆ ನುಡಿಸುವ ಆರ್ಗನ್ನೂ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಸಂಗೀತದ ಕೋಣೆಯಲ್ಲಿ ಸಿಕ್ಕಿತು. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಪ್ರದರ್ಶನಕ್ಕಿಟ್ಟರು. ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಅಲ್ಲಿ ಓದಲು ಕೂತವರಿಗೆ ತಲೆಚಿಟ್ಟು ಹಿಡಿಸಿದರಂತೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಚಾವಣಿ ಕುಸಿದು ಹುಲಿ ಚೂರಾಯಿತು, ಮತ್ತೆ ಜೋಡಿಸಿದರು. ನಾವು ನೋಡಿದಾಗ ಗಾಜಿನ ಪೆಟ್ಟಿಗೆಯೊಳಗೆ ಹೊಸದರ ಹಾಗೆ ಹೊಳೆಯುತ್ತಿತ್ತು.

ಅಕ್ಕ ಗಾಜಿನ ಸುತ್ತ ಎರಡು ಪ್ರದಕ್ಷಿಣೆ ಬಂದಳು. ರಂಗನಾಥನ ಗುಡಿಯ ಹತ್ತಿರ ಆ ಅರಮನೆಯ ಅಡಿಪಾಯ ಮಾತ್ರ ಉಳಿದಿದೆ. ಪ್ರತಿ ವರ್ಷ ನಾಲ್ಕನೇ ಕ್ಲಾಸಿನ ಮಕ್ಕಳನ್ನು ಅಲ್ಲಿಗೆ ಸಾಲಾಗಿ ಕರೆದೊಯ್ದು, 'ಇಲ್ಲೇ ಎಲ್ಲೋ ಹುಲಿ ಇತ್ತು' ಎನ್ನುತ್ತಿದ್ದಳು. 'ಇದ್ದ ಜಾಗ ಮೂವತ್ತಾರು ವರ್ಷ ತೋರಿಸಿದೆ. ಇವತ್ತು ಹುಲಿ ನೋಡಿದೆ' ಎಂದು ಎದುರಿನ ಬೆಂಚಿನ ಮೇಲೆ ಕೂತಳು. ನಾನೂ ಕೂತೆ. ಆಗ ತಾನಾಗಿಯೇ ಕೇಳಿದಳು:

'ನಿಮ್ಮಣ್ಣ ನಿನ್ನ ಹತ್ರ ಏನೋ ಹೇಳಿ ಕಳಿಸಿದಾನೆ ಅಲ್ವೇನೆ? ಬಂದ ದಿನದಿಂದ ನೋಡ್ತಿದೀನಿ, ನಿನ್ನ ಗಂಟಲಲ್ಲೇ ಇದೆ. ಹೇಳಿಬಿಡು.'

ಹೇಳಿದೆ. ಅಣ್ಣನ ಹೆದರಿಕೆ, ನನ್ನ ಹೆದರಿಕೆ, ಲಿಫ್ಟು, ಸೆಕ್ಯೂರಿಟಿ, ಎಲ್ಲ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು.

'ಅವತ್ತು ಬಿದ್ದಾಗ ಹೆದರಿಕೆ ಆಗಲಿಲ್ಲ ಅಂದ್ರೆ ಸುಳ್ಳಾಗತ್ತೆ' ಎಂದಳು. 'ಮಲಗಿದ ಹಾಗೇ ಆಕಾಶ ಕಾಣ್ತಿತ್ತು. ಕೂಗಿದೆ, ಯಾರಿಗೂ ಕೇಳಿಸಲಿಲ್ಲ. ನಿಮಗ್ಯಾರಿಗೂ ಹೇಳಿಲ್ಲ, ಅತ್ತೆ ಕೂಡ. ಆದ್ರೆ ಆ ಹುಲಿ ನೋಡು. ಧೂಳಿಲ್ಲ, ಗೆದ್ದಲಿಲ್ಲ, ಕಾವಲಿಗೆ ಜನ ಇದಾರೆ. ಚೆನ್ನಾಗೇ ಇಟ್ಕೊಂಡಿದಾರೆ. ಆದ್ರೆ ಅದು ಕೂಗಲ್ಲ. ನಿಮ್ಮಣ್ಣನೂ ನನ್ನ ಚೆನ್ನಾಗೇ ಇಟ್ಕೋತಾನೆ, ಗೊತ್ತು. ನಾನು ಇನ್ನೊಂದು ಸ್ವಲ್ಪ ದಿನ ಕೂಗಬೇಕು ಕಣೆ.'

ಆಮೇಲೆ ಬೆರಳು ಮಡಿಸಿ ಎಣಿಸತೊಡಗಿದಳು. ಅವಳು ಕ್ರಿಸ್‌ಮಸ್ ದಿನದಿಂದಲೇ ಯೋಚನೆ ಮಾಡಿದ್ದಳೆಂದು ಕಾಣುತ್ತದೆ. ಹಿತ್ತಲ ಬಚ್ಚಲು ಹಾಗೇ ಇರಲಿ, ಸ್ನಾನಕ್ಕೆ ಒಳಗೇ ಒಂದು ಕೋಣೆ, ಜಾರದ ನೆಲ, ಗೋಡೆಗೆ ಹಿಡಿಕೆ. ಮುಂದಿನ ಎರಡು ಕೋಣೆ ಬಾಡಿಗೆಗೆ. ಬಾಡಿಗೆ ಕಡಿಮೆಯಾದರೂ ಸರಿ, ರಾತ್ರಿ ಮನೆಯಲ್ಲಿ ಮನುಷ್ಯರಿರುವಂಥ ಸಂಸಾರ. ಮೊಬೈಲಿಗೆ ದಾರ ಕಟ್ಟಿ ಕೊರಳಿಗೆ, ಆ ಅಜ್ಜಿಯ ಹಾಗೆ. ಬೀಗದ ಕೈ ಒಂದು ಎದುರು ಮನೆಗೆ. ನಾಲ್ಕನೆಯ ಬೆರಳು ಮಡಿಸಿ ಹೇಳಿದ ಮಾತು ಇದು: 'ಕೈಲಾಗದ ದಿನ ಬರತ್ತೆ. ಅವತ್ತು ನಾನೇ ನಿಮ್ಮಣ್ಣನಿಗೆ ಫೋನ್ ಮಾಡಿ ಬಂದು ಕರ್ಕೊಂಡು ಹೋಗು ಅಂತೀನಿ. ನೀವಿಬ್ಬರೂ ತೀರ್ಮಾನ ಮಾಡಿ ನನಗೆ ತಿಳಿಸೋದು ಬೇಡ. ನಾನು ತೀರ್ಮಾನ ಮಾಡಿ ನಿಮಗೆ ತಿಳಿಸ್ತೀನಿ.'

ಐವತ್ತನಾಲ್ಕು ವರ್ಷ ಅವಳ ತಂಗಿಯಾಗಿದ್ದವಳು ನಾನು. ನಮಗೆ ಬೇಕಾದ್ದನ್ನು ಅವಳು ಕೇಳಿದ್ದುಂಟು, ತನಗೆ ಬೇಕಾದ್ದನ್ನು ಇಷ್ಟು ಬಿಡಿಸಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಊರಿನ ಮನೆಯಲ್ಲಾಗಿದ್ದರೆ ಅವಳು ಒಲೆಯ ಮುಂದೆ ಇರುತ್ತಿದ್ದಳು, ನಾವು ಎಲೆಯ ಮುಂದೆ. ಅವಳ ಕೈಗೆ ಯಾವ ಕೆಲಸವೂ ಇಲ್ಲದೆ, ಎದ್ದು ಹೋಗಬೇಕಾದ ಒಲೆಯಿಲ್ಲದೆ, ಇಬ್ಬರೂ ಪಕ್ಕಪಕ್ಕ ಕೂತು ಒಂದೇ ಕಡೆ ನೋಡುತ್ತ ಮಾತಾಡಲು ನಮಗೆ ಒಂದು ಬೆಂಚು ಬೇಕಿತ್ತು. ಮುಖಕ್ಕೆ ಮುಖ ಕೊಟ್ಟು ಆಡಲಾಗದ್ದನ್ನು, ಹುಲಿಯನ್ನೋ ಗಡಿಯಾರವನ್ನೋ ನೋಡಿಕೊಂಡು ಆಡಬಹುದು.

ಹೊರಡುವ ಎರಡು ದಿನ ಮುಂಚೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋಗಿ ಬಸವಣ್ಣನವರ ಮೂರ್ತಿ ನೋಡಿ ಬಂದೆವು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಮೂರ್ತಿ ಅದು. ಕೊರೆಯುವ ಗಾಳಿಯಲ್ಲಿ ಅಕ್ಕ ಬೂಟು ಬಿಚ್ಚಿ ಕೈಮುಗಿದಳು, ನಾನು ಬೇಡವೆಂದರೂ ಕೇಳಲಿಲ್ಲ. ಸಂಕ್ರಾಂತಿಗೆ ಮೊದಲು ಊರು ಸೇರಿ ಎಳ್ಳು ಬೀರಿದಳು.

ಅಣ್ಣನಿಗೆ ಒಪ್ಪಿಸಲು ನಾನು ತುಂಬ ಕಷ್ಟಪಡಲಿಲ್ಲ. ಅಕ್ಕ ಹೆದರಿದ್ದಳು, ಅದನ್ನು ಬಾಯಿ ಬಿಟ್ಟು ಹೇಳಿದಳು ಎಂದಾಗ ಅವನು ಫೋನಿನಲ್ಲೇ ಸ್ವಲ್ಪ ಹೊತ್ತು ಸುಮ್ಮನಿದ್ದ. ಅದೇ ಬೇಸಿಗೆಯಲ್ಲಿ ತಾನೇ ನಿಂತು ಒಳಗಿನ ಸ್ನಾನದ ಕೋಣೆ ಕಟ್ಟಿಸಿದ. ಮುಂದಿನ ಕೋಣೆಗಳಿಗೆ ಒಬ್ಬ ನರ್ಸು, ಅವಳ ಗಂಡ, ಎರಡು ವರ್ಷದ ಮಗು ಬಂದರು. 2020ರ ಮಾರ್ಚಿನಲ್ಲಿ ವಿಮಾನಗಳೆಲ್ಲ ನಿಂತು, ನಾನು ಇಲ್ಲಿ, ಅಣ್ಣ ಬೆಂಗಳೂರಿನಲ್ಲಿ, ಅಲ್ಲಲ್ಲೇ ಕಟ್ಟಿಹಾಕಿದ ಹಾಗಾದಾಗ ಆ ಮನೆಯಲ್ಲಿ ಅಕ್ಕನಿಗೆ ಮಾತಿಗೆ ಜನರಿದ್ದರು, ಅಕ್ಷರ ತಿದ್ದಿಸಲು ಒಂದು ಮಗುವಿತ್ತು. ನಾವು ಅವಳಿಗೆ ಕಳಿಸಬೇಕಿದ್ದ ಮರ ಅದೇ ಇರಬೇಕು: ಅವಳು ಹೇಳಿದ್ದನ್ನು ಹೇಳಿದ ಹಾಗೆ ಮಾಡಿಕೊಡುವುದು.

ನಿಮ್ಮಲ್ಲೂ ಎಷ್ಟೋ ಜನರ ಮನೆಗೆ ಅಮ್ಮನೋ, ಅಕ್ಕನೋ, ಅತ್ತೆಯೋ ದೂರದಿಂದ ಬರುತ್ತಿರುತ್ತಾರೆ. ಲಂಡನ್ ಆಗಬೇಕೆಂದಿಲ್ಲ, ಮೈಸೂರಿಗೋ ಹುಬ್ಬಳ್ಳಿಗೋ ಆದೀತು. ತೋರಿಸುವ ಪಟ್ಟಿಯನ್ನು ಸ್ವಲ್ಪ ಗಿಡ್ಡ ಮಾಡಿ. ದಿನಕ್ಕೆ ಒಂದೇ ಜಾಗ ಸಾಕು, ಆದರೆ ಅಲ್ಲಿ ಕೂರಲು ಒಂದು ಬೆಂಚಿರಲಿ, ಜೊತೆಗೆ ಫ್ಲಾಸ್ಕಿನಲ್ಲಿ ಕಾಫಿ. ಅವರಿಗೆ ಏನು ಬೇಕೆಂದು ನಾವು ಊಹಿಸುವುದಕ್ಕಿಂತ ಅವರು ಬಾಯಿ ಬಿಡುವವರೆಗೆ ಕಾಯುವುದು ವಾಸಿ. ಅಕ್ಕನಿಗೆ ಹದಿನೈದು ದಿನ ಬೇಕಾಯಿತು.

ಈಗ ಶಾಲೆಯಲ್ಲಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಚಳಿಗಾಲದಲ್ಲಾದರೆ ಒಂದು ಗಂಟೆಗೆ, ಬೇಸಿಗೆಯಲ್ಲಿ ಇಲ್ಲಿನ ಗಡಿಯಾರ ಒಂದು ಗಂಟೆ ಮುಂದೆ ಸರಿಯುವು­ದರಿಂದ ಎರಡಕ್ಕೆ, ನಾನು ಅಕ್ಕನಿಗೆ ಫೋನ್ ಮಾಡುತ್ತೇನೆ. ಅಲ್ಲಿ ಆರೂವರೆ. 'ತಾಳು, ದೀಪ ಹಚ್ಚಿ ಬರ್ತೀನಿ' ಎನ್ನುತ್ತಾಳೆ. ಕೊರಳಿನ ಫೋನು ಹಾಗೇ ತೂಗಾಡುತ್ತಿರುತ್ತದೆ, ಬೆಂಕಿಕಡ್ಡಿ ಗೀರುವ ಸದ್ದೂ ನನಗೆ ಕೇಳುತ್ತದೆ. ಒಂದೆರಡು ಸಲ ಅವಳಿಗೆ ತಿಳಿಯದ ಹಾಗೆ ಆ ಮಾತನ್ನು ಮುದ್ರಿಸಿಟ್ಟುಕೊಂಡಿದ್ದೇನೆ.